ಸೆರೆಮನೆಯ ಅರ್ಜಿಗೆ ಗಡುವು

ಅಕ್ರಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ರಿಟ್‌ಗೆ ಭಾರತದಲ್ಲಿ ಕಾಲಮಿತಿ ಇಲ್ಲ. ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ಯಾವತ್ತು ಬೇಕಾದರೂ ಅರ್ಜಿ ಹಾಕಬಹುದು. ಅಕ್ರಮ ಬಂಧನ ಒಂದು ದಿನ ನಡೆದು ಮುಗಿದುಹೋಗುವ ತಪ್ಪಲ್ಲ; ಬಂದಿ ಒಳಗಿರುವಷ್ಟು ದಿನವೂ ಅದು ನಡೆಯುತ್ತಲೇ ಇರುತ್ತದೆ. ಹಾಗಾಗಿ ಯಾವ ತಾರೀಖಿನಿಂದ ಎಣಿಸಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆಸ್ತಿ, ನೌಕರಿ, ಟೆಂಡರ್ ವ್ಯಾಜ್ಯಗಳಲ್ಲಿ ತಡವಾಗಿ ಬಂದ ರಿಟ್ ಅರ್ಜಿಯನ್ನು ತಡವಾಯಿತೆಂಬ ಕಾರಣಕ್ಕೇ ವಜಾ ಮಾಡುವ ಹೈಕೋರ್ಟುಗಳು ಈ ರಿಟ್‌ನ ವಿಷಯದಲ್ಲಿ ಹಾಗೆ ಮಾಡುವುದಿಲ್ಲ. ಒಮ್ಮೆ ಹೈಕೋರ್ಟಿನಲ್ಲಿ ಸೋತವನು ಸುಪ್ರೀಂ ಕೋರ್ಟಿನಲ್ಲಿ ಹೊಸದಾಗಿ ಅರ್ಜಿ ಹಾಕಲು ಅಡ್ಡಿಯಿಲ್ಲ ಎಂದು 1967ರ ಗುಲಾಮ್ ಸರ್ವರ್ ಪ್ರಕರಣ ಹೇಳಿತು.

ಆದರೆ ಈ ಬಾಗಿಲು ಎಲ್ಲ ಕೈದಿಗಳಿಗೂ ತೆರೆದಿಲ್ಲ. ನ್ಯಾಯಾಲಯವೇ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟು ಜೈಲಿಗೆ ಕಳಿಸಿದ್ದರೆ, ಅಥವಾ ಮ್ಯಾಜಿಸ್ಟ್ರೇಟರು ರಿಮಾಂಡ್ ಮಾಡಿದ್ದರೆ, ಆ ಬಂಧನವನ್ನು ಹೇಬಿಯಸ್ ಕಾರ್ಪಸ್‌ನಲ್ಲಿ ಪ್ರಶ್ನಿಸಲು ಸಾಮಾನ್ಯವಾಗಿ ಆಗುವುದಿಲ್ಲ. 1971ರ ಕರ್ನಲ್ ಬಿ. ರಾಮಚಂದ್ರ ರಾವ್ ಪ್ರಕರಣದಿಂದ ಈಚೆಗೆ ಸುಪ್ರೀಂ ಕೋರ್ಟು ಇದನ್ನೇ ಹೇಳುತ್ತಾ ಬಂದಿದೆ. ಶಿಕ್ಷೆಯಾದವನ ದಾರಿ ಮೇಲ್ಮನವಿ, ಅಂದರೆ ಅಪೀಲು. ಅಪೀಲಿಗೆ ಗಡುವಿದೆ. ಕೈದಿಯ ಕಾಲಮಿತಿಯ ಪ್ರಶ್ನೆ ಈ ನೆಲದಲ್ಲಿ ನಿಜವಾಗಿ ಹುಟ್ಟುವುದು ಅಲ್ಲಿ.

ಅಮೆರಿಕದ ಸ್ಥಿತಿ ಇದಕ್ಕೆ ತಲೆಕೆಳಗು. ಅಲ್ಲಿ ರಾಜ್ಯಗಳ ನ್ಯಾಯಾಲಯಗಳೇ ಬೇರೆ, ಒಕ್ಕೂಟದ ನ್ಯಾಯಾಲಯಗಳೇ ಬೇರೆ. ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾಗಿ, ರಾಜ್ಯದೊಳಗಿನ ಅಪೀಲುಗಳೆಲ್ಲ ಮುಗಿದ ಮೇಲೂ ಕೈದಿಯೊಬ್ಬ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಿ, ತನ್ನ ಶಿಕ್ಷೆ ಸಂವಿಧಾನಕ್ಕೆ ವಿರುದ್ಧ ಎಂದು ಹೇಬಿಯಸ್ ಕಾರ್ಪಸ್ ಕೇಳಬಹುದು. 1867ರಿಂದ ಈ ಅವಕಾಶವಿದೆ. ಬಹುಕಾಲ ಅದಕ್ಕೆ ಕಾಯ್ದೆಯ ಗಡುವು ಇರಲಿಲ್ಲ. 1995ರ ಏಪ್ರಿಲ್‌ನಲ್ಲಿ ಒಕ್ಲಹೋಮ ನಗರದ ಸರ್ಕಾರಿ ಕಟ್ಟಡದ ಎದುರು ಬಾಂಬ್ ಸಿಡಿದು 168 ಜನ ಸತ್ತರು. ಅದರ ಮರುವರ್ಷ, 1996ರ ಏಪ್ರಿಲ್ 24ರಂದು, ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಭಯೋತ್ಪಾದನಾ ವಿರೋಧಿ ಕಾಯ್ದೆಯಲ್ಲಿ ಒಂದು ವರ್ಷದ ಮಿತಿ ಬಂತು. ಭಯೋತ್ಪಾದನೆಗೂ ಕಳ್ಳತನದ ಕೇಸಿನಲ್ಲಿ ಒಳಗಿರುವ ಸಾಮಾನ್ಯ ಕೈದಿಯ ಅರ್ಜಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಹೇಬಿಯಸ್ ಕಾರ್ಪಸ್‌ನ್ನು ಮೊಟಕು ಮಾಡಬೇಕೆಂಬ ಹಳೆಯ ಬೇಡಿಕೆಗೆ ಆ ಸಂದರ್ಭ ಒದಗಿಬಂತು, ಅಷ್ಟೆ.

ಆ ಒಂದು ವರ್ಷ ಸಾಮಾನ್ಯವಾಗಿ ಶಿಕ್ಷೆ ಅಂತಿಮವಾದ ದಿನದಿಂದ ಓಡುತ್ತದೆ. ಸರ್ಕಾರವೇ ಒಡ್ಡಿದ ಅಡ್ಡಿ ಇದ್ದರೆ ಅದು ತೊಲಗಿದ ದಿನದಿಂದ, ಸುಪ್ರೀಂ ಕೋರ್ಟು ಹೊಸ ಹಕ್ಕನ್ನು ಮಾನ್ಯ ಮಾಡಿದ್ದರೆ ಆ ದಿನದಿಂದ, ಹೊಸ ಸಂಗತಿ ಇದ್ದರೆ ಎಚ್ಚರದಿಂದ ಹುಡುಕಿದವನಿಗೆ ಅದು ಸಿಗಬಹುದಾಗಿದ್ದ ದಿನದಿಂದ ಎಣಿಕೆ. ರಾಜ್ಯದ ಕೋರ್ಟಿನಲ್ಲಿ ಸರಿಯಾಗಿ ಹಾಕಿದ ಮರುಪರಿಶೀಲನೆಯ ಅರ್ಜಿ ಬಾಕಿ ಇರುವಷ್ಟು ಕಾಲ ಲೆಕ್ಕ ನಿಲ್ಲುತ್ತದೆ. ಅದಕ್ಕೆ ಮೊದಲು ಕಳೆದ ದಿನಗಳು ಮಾತ್ರ ವಾಪಸು ಬರುವುದಿಲ್ಲ. ಹನ್ನೊಂದು ತಿಂಗಳು ಸುಮ್ಮನಿದ್ದು ರಾಜ್ಯದ ಕೋರ್ಟಿಗೆ ಹೋದವನಿಗೆ ಅಲ್ಲಿ ಸೋತು ಹೊರಬಂದಾಗ ಉಳಿದಿರುವುದು ಒಂದೇ ತಿಂಗಳು.

ಇಷ್ಟು ಬಿಗಿಯಾದ ಲೆಕ್ಕವನ್ನು ನ್ಯಾಯಾಲಯಗಳು ಅಲ್ಲಲ್ಲಿ ಸಡಿಲಿಸಿವೆ. 2010ರ ಹಾಲೆಂಡ್ ಪ್ರಕರಣದಲ್ಲಿ ಗಲ್ಲು ಶಿಕ್ಷೆಯ ಕೈದಿ ತನ್ನ ವಕೀಲರಿಗೆ ಗಡುವಿನ ಬಗ್ಗೆ ಪತ್ರದ ಮೇಲೆ ಪತ್ರ ಬರೆದಿದ್ದ. ವಕೀಲರು ಸಮಯಕ್ಕೆ ಅರ್ಜಿ ಹಾಕಲಿಲ್ಲ. ಕೈದಿ ಶ್ರದ್ಧೆಯಿಂದ ಪ್ರಯತ್ನಿಸಿದ್ದು, ಅಸಾಧಾರಣ ಅಡ್ಡಿ ಎದುರಾಗಿದ್ದರೆ ಗಡುವನ್ನು ವಿಸ್ತರಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ತಾನು ನಿರಪರಾಧಿ ಎಂಬುದಕ್ಕೆ ಬಲವಾದ ಹೊಸ ಸಾಕ್ಷ್ಯ ತಂದವನಿಗೆ ಗಡುವು ಅಡ್ಡಬಾರದು ಎಂದಿತು 2013ರ ಪರ್ಕಿನ್ಸ್ ಪ್ರಕರಣ. ಆದರೆ 2007ರ ಬೌಲ್ಸ್ ಪ್ರಕರಣವನ್ನು ಓದಿದವರಿಗೆ ಈ ಔದಾರ್ಯದ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಅಪೀಲಿಗೆ 14 ದಿನ ಕೊಡಬೇಕಾದಲ್ಲಿ ನ್ಯಾಯಾಧೀಶರೇ ತಪ್ಪಾಗಿ 17 ದಿನ ಬರೆದರು. ಕೈದಿ 17 ದಿನದೊಳಗೆ, ಆದರೆ 14 ದಿನ ದಾಟಿ, ಅಪೀಲು ಹಾಕಿದ. ಐದು ನ್ಯಾಯಮೂರ್ತಿಗಳು ಆತನ ವಿರುದ್ಧ, ನಾಲ್ವರು ಪರ. ನ್ಯಾಯಾಧೀಶರ ಲೆಕ್ಕದ ತಪ್ಪಿಗೆ ಕೈದಿ ಬೆಲೆ ತೆತ್ತ.

ಇಂಥ ಎರಡು ಸಾಲಿನ ನ್ಯಾಯಾಲಯಗಳು ಭಾರತದಲ್ಲಿಲ್ಲ. ಚಿಕ್ಕನಾಯಕನಹಳ್ಳಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ತುಮಕೂರು ಜಿಲ್ಲೆಯ ಸೆಷನ್ಸ್ ನ್ಯಾಯಾಲಯ, ಅಲ್ಲಿಂದ ಬೆಂಗಳೂರಿನ ಹೈಕೋರ್ಟು, ಅಲ್ಲಿಂದ ದೆಹಲಿಯ ಸುಪ್ರೀಂ ಕೋರ್ಟು: ಒಂದೇ ಏಣಿ. ರಾಜ್ಯದ ಕಾನೂನಿನ ಪ್ರಶ್ನೆಯಾಗಲಿ ಸಂವಿಧಾನದ ಪ್ರಶ್ನೆಯಾಗಲಿ ಅದೇ ಏಣಿಯ ಮೇಲೆ ತೀರ್ಮಾನವಾಗುತ್ತದೆ. ಶಿಕ್ಷೆ ಅಂತಿಮವಾದ ಮೇಲೆ ಮತ್ತೊಂದು ಸಾಲಿನ ಕೋರ್ಟಿಗೆ ಹೋಗುವ ಅಗತ್ಯವನ್ನು ಸಂವಿಧಾನ ಕಂಡಿಲ್ಲ. ಇಂಗ್ಲೆಂಡೂ ಹೆಚ್ಚುಕಡಿಮೆ ಹೀಗೆಯೇ: ಶಿಕ್ಷೆಯ ವಿರುದ್ಧ ಅಪೀಲಿಗೆ 28 ದಿನ, ಹಳೆಯ ಅನ್ಯಾಯಗಳನ್ನು ಕೆದಕಲು 1997ರಲ್ಲಿ ಕೆಲಸ ಆರಂಭಿಸಿದ ಪ್ರತ್ಯೇಕ ಆಯೋಗವಿದೆ, ಅದಕ್ಕೆ ಗಡುವಿಲ್ಲ.

ಭಾರತದಲ್ಲಿ ಹೇಬಿಯಸ್ ಕಾರ್ಪಸ್‌ಗೆ ಉಳಿದ ಮುಖ್ಯ ಕ್ಷೇತ್ರ ವಿಚಾರಣೆಯಿಲ್ಲದ ಬಂಧನ, ಅಂದರೆ ಮುನ್ನೆಚ್ಚರಿಕೆಯ ಸ್ಥಾನಬದ್ಧತೆ. ಅದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲೇ ನಡೆಯಿತು. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಅವರನ್ನು ಇಲ್ಲಿ ಬಂಧಿಸಿ, ಈಗ ಫ್ರೀಡಂ ಪಾರ್ಕ್ ಆಗಿರುವ ಆಗಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ತುರ್ತುಪರಿಸ್ಥಿತಿಯಲ್ಲಿ ಇಂಥ ಅರ್ಜಿಯೇ ನಿಲ್ಲದು ಎಂಬ ಸರ್ಕಾರದ ವಾದವನ್ನು ಒಪ್ಪದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್‌ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಹೈಕೋರ್ಟುಗಳ ನಿಲುವನ್ನು ತಳ್ಳಿಹಾಕಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಕಾಲಮಿತಿಗಿಂತ ಕ್ರೂರವಾದ ತಡೆ ಇದು: ಬೇಗ ಬಂದರೂ ಇಲ್ಲ, ತಡವಾಗಿ ಬಂದರೂ ಇಲ್ಲ. ಹೀಗೆ ಅರ್ಜಿಯನ್ನೇ ತಡೆಯುವ ದಾರಿಯನ್ನು ಸಂವಿಧಾನದ 44ನೇ ತಿದ್ದುಪಡಿ ಮುಂದಕ್ಕೆ ಮುಚ್ಚಿತು. ತೀರ್ಪನ್ನೇ ರದ್ದು ಮಾಡಲು 2017ರ ಆಗಸ್ಟ್ 24ರ ತನಕ ಕಾಯಬೇಕಾಯಿತು. ಅದನ್ನು ಮಾಡಿದ ಖಾಸಗಿತನದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮುನ್ನೆಚ್ಚರಿಕೆಯ ಬಂಧನದಲ್ಲಿ ಗಡುವು ಬಂದಿಯ ಮೇಲಲ್ಲ, ಸರ್ಕಾರದ ಮೇಲೆ. ಗೂಂಡಾ ಕಾಯ್ದೆ ಎಂದು ಜನ ಕರೆಯುವ ಕರ್ನಾಟಕದ 1985ರ ಕಾಯ್ದೆಯನ್ನೇ ನೋಡಬಹುದು. ಅಧಿಕಾರಿ ಹೊರಡಿಸಿದ ಆದೇಶಕ್ಕೆ 12 ದಿನದೊಳಗೆ ಸರ್ಕಾರದ ಒಪ್ಪಿಗೆ ಬೇಕು. ಬಂಧನದ ಕಾರಣಗಳನ್ನು ಐದು ದಿನದೊಳಗೆ ಬಂದಿಗೆ ತಿಳಿಸಬೇಕು. ಮೂರು ವಾರದೊಳಗೆ ಕಡತ ಸಲಹಾ ಮಂಡಳಿಗೆ ಹೋಗಬೇಕು, ಏಳು ವಾರದೊಳಗೆ ಮಂಡಳಿಯ ವರದಿ ಬರಬೇಕು. ಒಟ್ಟು ಬಂಧನ 12 ತಿಂಗಳು ಮೀರುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಬಂಧನ ಬಿದ್ದುಹೋಗಬಹುದು. ಬಂದಿ ಕೊಟ್ಟ ಮನವಿಯನ್ನು ಸರ್ಕಾರ ಎಷ್ಟು ದಿನದಲ್ಲಿ ಪರಿಶೀಲಿಸಬೇಕೆಂದು ಸಂವಿಧಾನ ಹೇಳಿಲ್ಲ. ಆದರೆ ವಿವರಣೆಯಿಲ್ಲದ ವಿಳಂಬ ಬಂಧನವನ್ನು ಅಕ್ರಮಗೊಳಿಸುತ್ತದೆ ಎಂದು 1991ರ ಕೆ.ಎಂ. ಅಬ್ದುಲ್ಲ ಕುಂಞಿ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಮಾನಿಸಿತು. ಹೈಕೋರ್ಟಿನಲ್ಲಿ ಗೆಲ್ಲುವ ಹೇಬಿಯಸ್ ಕಾರ್ಪಸ್ ಅರ್ಜಿಗಳು ಎಷ್ಟೋ ಸಲ ಗೆಲ್ಲುವುದು ಇಂಥ ದಿನಗಳ ಲೆಕ್ಕದ ಮೇಲೆಯೇ.

ಬಂದಿಯನ್ನು ಇಲ್ಲಿ ಕಾಡುವುದು ಬೇರೊಂದು ಕಾಲ, ನ್ಯಾಯಾಲಯದ್ದು. ಗರಿಷ್ಠ ಒಂದು ವರ್ಷದ ಬಂಧನವನ್ನು ಪ್ರಶ್ನಿಸಿದ ಅರ್ಜಿ ಆರೇಳು ತಿಂಗಳು ಪಟ್ಟಿಯಲ್ಲಿ ಉಳಿದರೆ ಗೆದ್ದರೂ ಸಿಗುವುದು ಅರ್ಧ ಬಿಡುಗಡೆ. ಅರ್ಜಿಗೆ ಕಾಲಮಿತಿ ಇಲ್ಲವೆಂಬ ಹೆಮ್ಮೆಯ ಜತೆಗೆ ತೀರ್ಪಿಗೂ ಕಾಲಮಿತಿ ಇಲ್ಲವೆಂಬುದನ್ನು ಸೇರಿಸಿ ಓದಬೇಕು.

ಇನ್ನು ಶಿಕ್ಷೆಯಾದವರ ಗಡುವು. 1963ರ ಕಾಲಮಿತಿ ಕಾಯ್ದೆಯ 115ನೇ ಅನುಚ್ಛೇದ ಇದನ್ನು ನಿಗದಿ ಮಾಡಿದೆ. ಹೈಕೋರ್ಟಿಗೆ ಹೋಗುವ ಅಪೀಲಿಗೆ 60 ದಿನ. ಬೇರೆ ನ್ಯಾಯಾಲಯಕ್ಕಾದರೆ 30 ದಿನ. ಮರಣದಂಡನೆಯಾಗಿದ್ದರೆ 30 ದಿನ. ಜೀವಾವಧಿ ಆದವನಿಗೆ ಎರಡು ತಿಂಗಳು, ಗಲ್ಲು ಆದವನಿಗೆ ಒಂದೇ ತಿಂಗಳು ಎಂಬುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಗಲ್ಲಿನ ತೀರ್ಪು ಹೈಕೋರ್ಟು ಖಾಯಂ ಮಾಡದೆ ಜಾರಿಯಾಗುವುದಿಲ್ಲ. ಅಪೀಲು ಬರಲಿ ಬಿಡಲಿ, ಹೈಕೋರ್ಟು ಇಡೀ ಸಾಕ್ಷ್ಯವನ್ನು ಮತ್ತೆ ನೋಡಲೇಬೇಕು. ನಿಜವಾದ ಅಪಾಯ ಇರುವುದು ಜೀವಾವಧಿ ಮತ್ತು ಹತ್ತು ವರ್ಷದ ಶಿಕ್ಷೆಗಳಲ್ಲಿ. ಅಲ್ಲಿ ಯಾರೂ ಕೇಳದಿದ್ದರೆ ಯಾರೂ ನೋಡುವುದಿಲ್ಲ.

ಲೆಕ್ಕ ಹಾಕುವ ರೀತಿಗೆ ಒಂದು ಕಾಲ್ಪನಿಕ ಉದಾಹರಣೆ. ಚಿಕ್ಕನಾಯಕನಹಳ್ಳಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ 2025ರ ಜೂನ್ 2ರಂದು ಹೊಡೆದಾಟದ ಕೇಸಿನಲ್ಲಿ ಒಬ್ಬನಿಗೆ ಶಿಕ್ಷೆ ವಿಧಿಸಿತು ಎನ್ನೋಣ. ತೀರ್ಪಿನ ದಿನವನ್ನು ಬಿಟ್ಟು ಎಣಿಸಿದರೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು ಜುಲೈ 2 ಕೊನೆಯ ದಿನ. ಆತ ಜೂನ್ 5ರಂದು ತೀರ್ಪಿನ ನಕಲಿಗೆ ಅರ್ಜಿ ಕೊಟ್ಟು, ಜೂನ್ 16ರಂದು ನಕಲು ಸಿದ್ಧವಾದರೆ ಆ 12 ದಿನ ಲೆಕ್ಕಕ್ಕಿಲ್ಲ. ಗಡುವು ಜುಲೈ 14ಕ್ಕೆ ಹೋಗುತ್ತದೆ. ಕೊನೆಯ ದಿನ ಕೋರ್ಟಿಗೆ ರಜೆಯಾದರೆ ಬಾಗಿಲು ತೆರೆದ ಮೊದಲ ದಿನ ಸಾಕು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷಕ್ಕಿಂತ ಹೆಚ್ಚು ಸಜೆ ಕೊಡುವಂತಿಲ್ಲ. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷದವರೆಗಿನ ಶಿಕ್ಷೆಯಾದರೆ, ಅಪೀಲು ಹಾಕುವಷ್ಟು ಕಾಲ ಅದೇ ನ್ಯಾಯಾಲಯ ಸಾಮಾನ್ಯವಾಗಿ ಬಿಡುಗಡೆ ಮಾಡುತ್ತದೆ. ಆತ ಊರಲ್ಲೇ ಇದ್ದು ವಕೀಲರ ಮನೆಗೆ ಓಡಾಡುತ್ತಾನೆ. ಗಡುವು ಇವನನ್ನು ಅಷ್ಟಾಗಿ ಕಚ್ಚುವುದಿಲ್ಲ.

ಅದು ಕಚ್ಚುವುದು ಕೊಲೆ, ಅತ್ಯಾಚಾರದಂಥ ಸೆಷನ್ಸ್ ಕೇಸುಗಳಲ್ಲಿ. ತೀರ್ಪು ಬಂದ ದಿನವೇ ಆರೋಪಿ ಜೈಲಿಗೆ ಹೋಗುತ್ತಾನೆ. ಹೈಕೋರ್ಟಿನ ವಕೀಲರನ್ನು ಹಿಡಿಯುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತಾಪಿ ಮನೆಗಳಲ್ಲಿ ದೊಡ್ಡ ಖರ್ಚಿಗೆ ಕೈಹಾಕುವುದು ಕೊಬ್ಬರಿಗೇ. ಅಟ್ಟದ ಮೇಲೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಪೀಲಿನ ಗಡುವು ಎರಡೇ ತಿಂಗಳು. ವಕೀಲರ ಫೀಸು ಹೊಂದಿಸುವಷ್ಟರಲ್ಲಿ 60 ದಿನ ದಾಟಿರುವುದು ಅಪರೂಪವೇನಲ್ಲ. ಮನೆಯಲ್ಲಿ ದುಡಿಯುವ ಕೈ ಅದೊಂದೇ ಆಗಿದ್ದರೆ, ಜೈಲಿಗೆ ಹೋದವನ ಜೊತೆಗೆ ತೋಟದ ಆದಾಯವೂ ಹೋಗಿರುತ್ತದೆ.

ಹಣಕ್ಕಿಂತ ಮೊದಲು ಬೇಕಾದದ್ದು ತೀರ್ಪಿನ ನಕಲು. ಈ ವಿಷಯದ ಮೂಲ ತೀರ್ಪಿಗೆ ಕರ್ನಾಟಕದ ನಂಟು ವಿಚಿತ್ರವಾಗಿ ಬಂದಿದೆ. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಎಂ.ಎಚ್. ಹೊಸ್ಕೋಟ್ ಎಂಬಾತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಖೋಟಾ ಪದವಿ ಪತ್ರಗಳನ್ನು ತಯಾರಿಸಲು ಯತ್ನಿಸಿ ಸಿಕ್ಕಿಬಿದ್ದ. ಕೆಳಗಿನ ಕೋರ್ಟು ಹೆಸರಿಗಷ್ಟೇ ಶಿಕ್ಷೆ ಕೊಟ್ಟಿತ್ತು; 1973ರಲ್ಲಿ ಬಾಂಬೆ ಹೈಕೋರ್ಟು ಅದನ್ನು ಮೂರು ವರ್ಷದ ಕಠಿಣ ಸಜೆಗೆ ಏರಿಸಿತು. ಸುಪ್ರೀಂ ಕೋರ್ಟಿಗೆ ಆತನ ಅರ್ಜಿ ಬಂದದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಶಿಕ್ಷೆಯೇ ಮುಗಿದಿತ್ತು. ತೀರ್ಪಿನ ನಕಲು ತನಗೆ ಸಮಯಕ್ಕೆ ಸಿಗಲಿಲ್ಲ ಎಂದ. ಜೈಲಿಗೆ ನಕಲು ಬಂದಿತ್ತೆಂದು ಹೇಳಲಾಯಿತು, ಕೈದಿಯ ಕೈಗೆ ಕೊಟ್ಟಿದ್ದಕ್ಕೆ ಆತನ ಸಹಿ ಇರಲಿಲ್ಲ. 1978ರ ಆಗಸ್ಟ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆತನ ಅರ್ಜಿಯನ್ನು ವಜಾ ಮಾಡಿದರೂ ಮುಂದಿನ ಕೈದಿಗಳಿಗೆ ನಿಯಮ ಹಾಕಿಕೊಟ್ಟರು: ನಕಲನ್ನು ಉಚಿತವಾಗಿ, ಅಪೀಲಿಗೆ ಸಾಕಷ್ಟು ದಿನ ಇರುವಾಗಲೇ ಕೊಡಬೇಕು; ಜೈಲಿನವರು ಕೈದಿಯಿಂದ ಲಿಖಿತ ಸ್ವೀಕೃತಿ ಪಡೆಯಬೇಕು; ವಕೀಲರನ್ನು ನೇಮಿಸಿಕೊಳ್ಳಲಾಗದವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ಸಜೆಯಾದವನಿಗೆ ತೀರ್ಪಿನ ನಕಲನ್ನು ಕೂಡಲೇ ಉಚಿತವಾಗಿ ಕೊಡಬೇಕೆಂಬುದು ದಂಡ ಪ್ರಕ್ರಿಯಾ ಸಂಹಿತೆಯ 363ನೇ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 404ನೇ ಕಲಮು.

ವಕೀಲರೇ ಬೇಕೆಂದಿಲ್ಲ. ಕೈದಿ ತನ್ನ ಅಪೀಲನ್ನೂ ತೀರ್ಪಿನ ನಕಲನ್ನೂ ಜೈಲಿನ ಮುಖ್ಯಾಧಿಕಾರಿಯ ಕೈಗೆ ಸಲ್ಲಿಸಬಹುದು. ಅವರು ಅದನ್ನು ಕೂಡಲೇ ಸಂಬಂಧಪಟ್ಟ ನ್ಯಾಯಾಲಯಕ್ಕೆ ಕಳಿಸಬೇಕು. ಹೊಸ ಸಂಹಿತೆಯ 424ನೇ ಕಲಮು ಹೇಳುವುದು ಇದನ್ನು. ಅಮೆರಿಕದಲ್ಲಿ ಜೈಲು ಅಧಿಕಾರಿಗೆ ಕೊಟ್ಟ ದಿನವೇ ಅರ್ಜಿ ಸಲ್ಲಿಸಿದ ದಿನ ಎಂಬ ಮಾತಿಗೆ 1988ರ ಹೂಸ್ಟನ್ ಪ್ರಕರಣದ ತೀರ್ಪು ಬೇಕಾಯಿತು. ಇಲ್ಲಿ ಅಧಿಕಾರಿಗೆ ಸಲ್ಲಿಸಬಹುದೆಂಬ ಮಾತು ಸಂಹಿತೆಯಲ್ಲೇ ಇದೆ. ಜೈಲಿನಿಂದ ಬಂದ ಅಪೀಲಿಗೆ ಇನ್ನೂ ಎರಡು ರಕ್ಷಣೆಗಳಿವೆ. ಅಪೀಲಿನ ಅವಧಿ ಮುಗಿಯುವ ಮುನ್ನ ಅದನ್ನು ಆರಂಭದಲ್ಲೇ ವಜಾ ಮಾಡುವಂತಿಲ್ಲ. ಹಾಗೆ ವಜಾ ಆದ ಮೇಲೂ, ವಕೀಲರ ಮೂಲಕ ಬಂದ ಮತ್ತೊಂದು ಅಪೀಲು ಗಮನಕ್ಕೆ ಬಾರದೆ ಉಳಿದಿದ್ದರೆ ನ್ಯಾಯದ ಹಿತದೃಷ್ಟಿಯಿಂದ ಅದನ್ನು ಕೇಳಬಹುದು. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಏರ್ಪಾಡು ಕಷ್ಟ. ಕೊರತೆ ಇರುವುದು ಬರವಣಿಗೆಯಲ್ಲಿ: ಓದುಬರಹ ಬಾರದವನ ಅರ್ಜಿಯನ್ನು ಜೊತೆಯ ಕೈದಿ ಬರೆಯುತ್ತಾನೆ, ಸಾಕ್ಷ್ಯದ ಲೋಪಗಳು ಅದರಲ್ಲಿ ಬರುವುದಿಲ್ಲ.

ಗಡುವು ದಾಟಿದರೆ ಎಲ್ಲ ಮುಗಿಯಿತೆಂದಲ್ಲ. ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸಬಹುದು, ಅದಕ್ಕೆ ಇಷ್ಟೇ ದಿನವೆಂಬ ಮಿತಿ ಇಲ್ಲ. ಬಡತನ, ವಕೀಲರ ನಿರ್ಲಕ್ಷ್ಯ, ನಕಲು ಸಿಗದಿದ್ದುದು ಇವೆಲ್ಲ ಸಾಮಾನ್ಯ ಕಾರಣಗಳು. 1987ರ ಕತೀಜಿ ಪ್ರಕರಣ ಸಿವಿಲ್ ವ್ಯಾಜ್ಯದ್ದಾದರೂ, ತಾಂತ್ರಿಕ ಕಾರಣಕ್ಕೆ ನ್ಯಾಯ ಸಾಯಬಾರದೆಂಬ ಅದರ ಧೋರಣೆ ಎಲ್ಲೆಡೆ ಉಲ್ಲೇಖವಾಗುತ್ತದೆ. ಕೈದಿಯ ಅಪೀಲಿನಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಕೈ ಸಡಿಲ ಬಿಡುತ್ತವೆ, ಬಿಡಲೂಬೇಕು. ಒಳಗಿರುವವನು ತಡ ಮಾಡಿ ಗಳಿಸುವುದೇನೂ ಇಲ್ಲ. ಅಮೆರಿಕದ ಒಂದು ವರ್ಷಕ್ಕಿಂತ ಭಾರತದ 60 ದಿನ ಚಿಕ್ಕದಾಗಿ ಕಂಡರೂ ಹೆಚ್ಚು ಮಾನವೀಯವಾಗಿರುವುದು ಈ ಒಂದು ಕಲಮಿನಿಂದ. ಆದರೆ ಮನ್ನಾ ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ. ಎಂಟು ವರ್ಷ ತಡವಾದ ಅಪೀಲನ್ನು ಮನ್ನಿಸಿದರೂ ಆ ಎಂಟು ವರ್ಷ ಸೆರೆಯಲ್ಲೇ ಕಳೆದಿರುತ್ತದೆ.

ಕೋವಿಡ್ ಕಾಲದಲ್ಲಿ ಈ ಲೆಕ್ಕವೆಲ್ಲ ಒಮ್ಮೆಗೇ ನಿಂತಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟು ಎಲ್ಲ ಗಡುವುಗಳಿಂದ ಕಳೆದುಬಿಟ್ಟಿತು. ಪೊಲೀಸರು ಇದರ ಲಾಭ ಪಡೆದು ದೋಷಾರೋಪ ಪಟ್ಟಿಯನ್ನೂ ತಡವಾಗಿ ಹಾಕಲು ಬಂದಾಗ, 2020ರ ಜೂನ್‌ನಲ್ಲಿ ಎಸ್. ಕಾಸಿ ಪ್ರಕರಣ ಅದಕ್ಕೆ ಅಡ್ಡ ನಿಂತಿತು. ತನಿಖೆ 60 ಅಥವಾ 90 ದಿನದಲ್ಲಿ ಮುಗಿಯದಿದ್ದರೆ ವಿಚಾರಣಾಧೀನ ಕೈದಿಗೆ ಜಾಮೀನು ಹಕ್ಕು; ಆ ಗಡುವು ಕೈದಿಯ ರಕ್ಷಣೆಗಾಗಿ ಇರುವಂಥದ್ದು, ಸರ್ಕಾರದ ಅನುಕೂಲಕ್ಕೆ ಹಿಗ್ಗದು.

ಹೈಕೋರ್ಟಿನ ಮೇಲಿನ ಮೆಟ್ಟಿಲುಗಳ ಗಡುವನ್ನು ಬೇಗ ಹೇಳಿ ಮುಗಿಸಬಹುದು. ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿಗೆ 90 ದಿನ, ಮರಣದಂಡನೆಯಾದರೆ 60 ದಿನ. ಮರುಪರಿಶೀಲನೆಗೆ 30 ದಿನ. ಮರುಪರಿಶೀಲನೆಯೂ ವಜಾ ಆದ ಮೇಲಿನ ಕೊನೆಯ ದಾರಿಯಾಗಿ 2002ರ ರೂಪಾ ಅಶೋಕ್ ಹುರಾ ಪ್ರಕರಣದಿಂದ ಬಂದ ಕ್ಯುರೇಟಿವ್ ಅರ್ಜಿಯನ್ನು ಯುಕ್ತ ಕಾಲದೊಳಗೆ ಹಾಕಬೇಕು.

ಒಂದು ವಾದಕ್ಕೆ ಮಾತ್ರ ಯಾವ ಹಂತದಲ್ಲೂ ಗಡುವಿಲ್ಲ: ಅಪರಾಧದ ದಿನ ತಾನು ಬಾಲಕನಾಗಿದ್ದೆ ಎಂಬುದು. ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಇದನ್ನು ಎತ್ತಬಹುದೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಪುಣೆಯ 1994ರ ಕೊಲೆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿದ್ದ ನಾರಾಯಣ ಚೇತನರಾಮ ಚೌಧರಿ ಆಗ ಹನ್ನೆರಡು ವರ್ಷದ ಹುಡುಗನಾಗಿದ್ದನೆಂದು ಶಾಲೆಯ ದಾಖಲೆಯಿಂದ ರುಜುವಾತಾಗಿ, 2023ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಬಿಡುಗಡೆಗೆ ಆದೇಶಿಸಿತು. ಆತ 28 ವರ್ಷ ಒಳಗಿದ್ದ. ಆತನ ಮರುಪರಿಶೀಲನಾ ಅರ್ಜಿ ವಜಾ ಆಗಿ ಅದಾಗಲೇ ಎರಡು ದಶಕ ಕಳೆದಿತ್ತು. ಶಿಕ್ಷೆಗಳಿಗೆ ಅಂತಿಮತೆ ಬೇಕೆಂದು ವಾದಿಸುವವರು ಉತ್ತರಿಸಬೇಕಾದ ಪ್ರಕರಣ ಇದು.

ಕೊನೆಯದು ಕ್ಷಮಾದಾನ. ಮಲೆ ಮಹದೇಶ್ವರ ಬೆಟ್ಟದ ಹತ್ತಿರ 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ತಂಡ ನಡೆಸಿದ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತರು. ಸೈಮನ್, ಜ್ಞಾನಪ್ರಕಾಶ್, ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲು ಶಿಕ್ಷೆಗೆ ಹೆಚ್ಚಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಅವರ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ, ಈ ವಿಳಂಬವೇ ಹಿಂಸೆ ಎಂದು ಸುಪ್ರೀಂ ಕೋರ್ಟು ಇವರದ್ದೂ ಸೇರಿದಂತೆ ಹಲವರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅರ್ಜಿ ತಿರಸ್ಕಾರವಾದುದನ್ನು ತಿಳಿಸಿದ ಮೇಲೆ ಗಲ್ಲಿಗೆ 14 ದಿನ ಅಂತರವಿರಬೇಕೆಂದೂ ಹೇಳಿತು.

ಹತ್ತು ವರ್ಷದ ನಂತರ ಬಂದ ಹೊಸ ಸಂಹಿತೆಯ 472ನೇ ಕಲಮು ಈ ಪಾಠವನ್ನು ಅರ್ಧ ಮಾತ್ರ ಕಲಿತಿದೆ. ಅಪೀಲು ವಜಾ ಆದುದನ್ನು ಜೈಲು ಸೂಪರಿಂಟೆಂಡೆಂಟರು ತಿಳಿಸಿದ 30 ದಿನದೊಳಗೆ ಕೈದಿ ಅಥವಾ ಆತನ ಬಂಧುಗಳು ಕ್ಷಮಾದಾನ ಕೇಳಬೇಕು. ರಾಜ್ಯಪಾಲರು ತಿರಸ್ಕರಿಸಿದರೆ 60 ದಿನದೊಳಗೆ ರಾಷ್ಟ್ರಪತಿಯವರಿಗೆ. ರಾಜ್ಯದ ಅಭಿಪ್ರಾಯ ಬಂದ 60 ದಿನದಲ್ಲಿ ಕೇಂದ್ರ ಸರ್ಕಾರ ಶಿಫಾರಸು ಕಳಿಸಬೇಕು. ರಾಷ್ಟ್ರಪತಿಯವರ ತೀರ್ಮಾನಕ್ಕೆ ದಿನ ನಿಗದಿಯಾಗಿಲ್ಲ. ಪಾಲಾರ್ ಪ್ರಕರಣದಲ್ಲಿ ತಡ ಮಾಡಿದ್ದು ಕೈದಿಗಳಲ್ಲ, ಸರ್ಕಾರ. ಹೊಸ ಗಡುವು ಮೊದಲು ಬಿದ್ದದ್ದು ಕೈದಿಗಳ ಮೇಲೆ. ಸಂವಿಧಾನದ 72 ಮತ್ತು 161ನೇ ವಿಧಿಗಳು ಕೊಟ್ಟ ಅಧಿಕಾರವನ್ನು ಸಾಮಾನ್ಯ ಕಾಯ್ದೆಯ ಗಡುವು ಕಟ್ಟಿಹಾಕಲಾರದು ಎಂಬ ವಾದಕ್ಕೆ ಬಲವಿದೆ.

ಇಷ್ಟೆಲ್ಲ ಗಡುವುಗಳ ನಡುವೆ ಕೈದಿಯ ಮನೆಯವರಿಗೆ ಹತ್ತಿರದಲ್ಲಿರುವುದು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು. ಆದಾಯದ ಸರ್ಟಿಫಿಕೇಟು ಬೇಕಿಲ್ಲ, ತೋಟ ಎಷ್ಟು ಎಕರೆ ಎಂಬ ಪ್ರಶ್ನೆಯಿಲ್ಲ. ತಾಲ್ಲೂಕು ಮಟ್ಟದ ಸಮಿತಿಯಿಂದ ಹಿಡಿದು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಸಮಿತಿಗಳವರೆಗೆ ಎಲ್ಲ ಮೆಟ್ಟಿಲಲ್ಲೂ ಈ ನೆರವುಂಟು. ಗಡುವು ದಾಟಿದ್ದರೂ ಅರ್ಜಿ ಕೊಡಬಹುದು, ವಿಳಂಬ ಮನ್ನಾದ ಅರ್ಜಿಯನ್ನು ಅದೇ ವಕೀಲರು ಬರೆಯುತ್ತಾರೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 15100.